ಈ ವರ್ಷ ವಡೆಯ ತೂತು ದೊಡ್ಡದಾಗಿದೆ

ಆರೋಗ್ಯ ವಿಮೆ ಮಾಡಿಸುವವಳ ಬಾಳಿನಲ್ಲಿ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಾಲಿಸಿಯ ಹಾಗೆ ಅವೂ ವರ್ಷಕ್ಕೊಮ್ಮೆ ತಪ್ಪದೆ ನವೀಕರಣವಾಗುತ್ತವೆ.

ನನ್ನ ಮನೆ ನಾಸಿಕ್ ರೋಡಿನಲ್ಲಿ, ತವರು ಬೀದರ್ ಕಡೆ. ಗಿರಾಕಿಗಳು ನಾಸಿಕ್‌ನಿಂದ ಸಂಭಾಜಿನಗರದವರೆಗೆ ಹರಡಿದ್ದಾರೆ. ಹೆಚ್ಚಿನವರು ನಮ್ಮ ಕನ್ನಡದ ಹಿರಿಯರೇ. ಕಂಪನಿಯವರು ವರ್ಷ ವರ್ಷ ಏನಾದರೊಂದು ಷರತ್ತು ಬದಲಿಸುತ್ತಾರೆ. ಒಂದು ವರ್ಷ ಕಣ್ಣಿನ ಪೊರೆಗೆ ಮಿತಿ, ಇನ್ನೊಂದು ವರ್ಷ ಆಸ್ಪತ್ರೆಗಳ ಪಟ್ಟಿಗೆ ಕತ್ತರಿ. ಅದನ್ನು ಹಿರಿಯರಿಗೆ ತಿಳಿಸಿ ಹೇಳಬೇಕಾದವಳು ನಾನು. ಅವರ ಮಕ್ಕಳಿಗೆ ಓದಲು ಪುರುಸೊತ್ತಿಲ್ಲ, ಹಿರಿಯರಿಗೆ ಓದುವ ಮನಸ್ಸಿಲ್ಲ. ನಾನು ಬಾಗಿಲು ಬಡಿದರೆ ಸಾಕು, "ಹೋದ ವರ್ಷದ್ದೇ ಇರಲಿ" ಎಂದು ಒಳಗಿನಿಂದಲೇ ಉತ್ತರ ಬರುತ್ತದೆ. ಹಾಲಿನವನಿಗೆ "ನಿನ್ನೆಯಷ್ಟೇ ಹಾಕು" ಎನ್ನುವ ಹಾಗೆ.

ನಾನೂ ಬಿಡುವವಳಲ್ಲ. ಒಳಗೆ ಹೋಗಿ, ಕೂತು, ಕೊಟ್ಟ ಚಹಾ ಕುಡಿದು, ಹೇಳುವುದನ್ನು ಹೇಳಿಯೇ ಏಳುತ್ತೇನೆ.

ಹಗ್ಗದ ತುದಿಯ ಸಾಂಬಾರು

ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರ ಒಂದು ಸಸ್ಯಾಹಾರಿ ಹೋಟೆಲಿದೆ. ಕರಾವಳಿಯಿಂದ ಬಂದ ಗಂಡಹೆಂಡತಿ ಕಟ್ಟಿ ಬೆಳೆಸಿದ್ದು. ಯಜಮಾನರು ತೀರಿಕೊಂಡ ಮೇಲೆ ಮಗ ನಡೆಸುತ್ತಾನೆ. ಹೋಟೆಲಿನ ಮೇಲೆಯೇ ಮನೆ, ನಡುವೆ ಏಣಿಯಷ್ಟು ಕಡಿದಾದ ಮೆಟ್ಟಿಲು. ಅಮ್ಮನ ಎರಡೂ ಮಂಡಿ ಸವೆದು, ಅವರು ಕೆಳಗಿಳಿಯುವುದು ನಿಂತೇ ಹೋಗಿತ್ತು.

ಇಳಿಯುವುದು ನಿಂತಿತ್ತೇ ಹೊರತು ಹೋಟೆಲು ನಡೆಸುವುದು ನಿಂತಿರಲಿಲ್ಲ. ನಾನು ಮೊದಲ ಸಲ ಅಲ್ಲಿಗೆ ಹೋದ ದಿನ ಬಾಗಿಲಲ್ಲಿ ನಿಂತು ಬೋರ್ಡು ಓದುತ್ತಿದ್ದೆ. ತಲೆಗೆ ಠಣ್ಣೆಂದು ಏನೋ ಬಡಿಯಿತು. ನೋಡಿದರೆ ಹಗ್ಗಕ್ಕೆ ಕಟ್ಟಿದ ಸ್ಟೀಲ್ ಡಬ್ಬಿ. ಅಡುಗೆಯವನು ಓಡಿ ಬಂದು ಅದಕ್ಕೆ ಸಾಂಬಾರು ತುಂಬಿಸಿ ಹೋದ. ಡಬ್ಬಿ ಮೇಲೆ ಹೋಯಿತು. ಆಮೇಲೆ ಬಾಲ್ಕನಿಯಿಂದ ಇಡೀ ಬೀದಿಗೆ ಕೇಳುವ ಹಾಗೆ ತೀರ್ಪು ಬಂತು.

"ಬೇಳೆ ಎಲ್ಲಿ ಉಂಟು ಇದರಲ್ಲಿ? ಗೋದಾವರಿಯಿಂದ ನೇರ ತುಂಬಿಸಿದ್ದಾ?"

ಒಳಗೆ ಇಡ್ಲಿ ತರಲು ಹೇಳಿದ್ದ ನಾಲ್ಕು ಜನ ಉಪ್ಪಿಟ್ಟಿಗೆ ಬದಲಾಯಿಸಿದರು. ಮಗ ಗಲ್ಲಾದಲ್ಲಿ ತಲೆ ಹಿಡಿದು ಕೂತ.

ಮೇಲೆ ಹೋಗಿ ಕೂತಾಗ ಅಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. "ಮಂಡಿ ಬದಲಾಯಿಸ್ಬೇಕು ಅಂತ ಡಾಕ್ಟರು ಹೇಳಿದ್ದಾರೆ ಮಾರಾಯ್ತಿ. ಮಗ ಹೋಟೆಲು ಅಡ ಇಟ್ಟಾದ್ರೂ ಮಾಡಿಸ್ತೇನೆ ಅಂತಾನೆ. ಅವರು ಕಟ್ಟಿದ ಹೋಟೆಲು ಅದು. ನನ್ನ ಮಂಡಿಗೋಸ್ಕರ ಅಡ ಇಡ್ಲಿಕ್ಕೆ ನಾನು ಬಿಡುವುದಿಲ್ಲ. ವಿಮೆಯಿಂದ ಆಗ್ತದಾ ಹೇಳು. ಇಲ್ಲದಿದ್ರೆ ಡಬ್ಬಿಯ ಹಗ್ಗ ಉಂಟಲ್ಲ, ಅದೇ ಸಾಕು."

ಆಗುತ್ತದೆ, ಆದರೆ ಹಳೆಯ ಕಾಯಿಲೆಗೆ ಕೆಲವು ವರ್ಷ ಕಾಯಬೇಕು, ಪ್ರತಿ ವರ್ಷ ತಪ್ಪದೆ ನವೀಕರಿಸಬೇಕು ಎಂದೆ.

"ಕಾಯ್ತೇನೆ. ಆದ್ರೆ ಒಂದು ದಿನ ನಾನು ನನ್ನ ಕಾಲಿನಲ್ಲಿ ಇಳಿದು ನನ್ನ ಅಡುಗೆಮನೆಗೆ ಹೋಗ್ಬೇಕು. ಮತ್ತೆಂತ ಬೇಡ ನನಗೆ."

ಆ ಮಾತು ನನ್ನ ಎದೆಗೆ ತಾಗಿತು. ಏನೇ ಆಗಲಿ ಇವರನ್ನು ಕೆಳಗಿಳಿಸಿಯೇ ಬಿಡಬೇಕೆಂದು ಅಂದೇ ಗಟ್ಟಿ ಮಾಡಿಕೊಂಡೆ. ಹೊರಡುವಾಗ ಹೋಟೆಲಿನೊಳಗೆ ಒಬ್ಬ ಗಿರಾಕಿ ಮಾಣಿಯನ್ನು ಕೇಳುತ್ತಿದ್ದ, "ಭಾವೂ, ಮೇಲಿನಿಂದ ವಡೆಯ ರಿಪೋರ್ಟ್ ಬಂತೇನು?"

ಕಂಪನಿಗೆ ಹೇಳು, ಅವಳಿಗೆ ಬೇಡ

ಪಾಲಿಸಿ ಮಾಡಿಸುವ ದಿನ ನಾನು ಕೇಳಬೇಕಾದ್ದನ್ನೆಲ್ಲ ಕೇಳುತ್ತ ಹೋದೆ. ಬಿ.ಪಿ. ಇದೆಯೇ? ಇದೆ. ಹಿಂದೆ ಆಪರೇಷನ್ ಆಗಿದೆಯೇ? ಆಗಿದೆ. ಅಮ್ಮ ಪಟಪಟನೆ ಉತ್ತರ ಕೊಡುತ್ತಿದ್ದರು. ಸೊಸೆ ಪಕ್ಕದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು.

"ಶುಗರ್ ಅದ ಏನ್ರಿ?"

"ಇಲ್ಲ."

ಉತ್ತರ ಬಂದ ವೇಗ ನೋಡಿ ನನಗೆ ಅನುಮಾನ ಬಂತು. ಅಮ್ಮ ನನ್ನ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರು ನೋಡಿದರು. ವಿಮೆಯಲ್ಲಿ ಮುಚ್ಚಿಟ್ಟ ಕಾಯಿಲೆಗಿಂತ ದೊಡ್ಡ ಶತ್ರು ಇಲ್ಲ. ಇವತ್ತು ಇಲ್ಲ ಎಂದರೆ ನಾಳೆ ಮಂಡಿಯ ದುಡ್ಡೂ ಇಲ್ಲ. ಅದನ್ನೇ ಬಿಡಿಸಿ ಹೇಳಿದೆ. ಅಮ್ಮ ಸ್ವಲ್ಪ ಯೋಚಿಸಿ ಸೊಸೆಯ ಕಡೆ ತಿರುಗಿದರು.

"ಹಾಲು ಉಕ್ಕುವ ವಾಸನೆ ಬರ್ತದಲ್ಲ, ಸ್ವಲ್ಪ ನೋಡಿ ಬಾ."

"ಹಾಲು ಇಟ್ಟೇ ಇಲ್ಲ ಅತ್ತೆ."

"ಹಾಗಾದ್ರೆ ಇಟ್ಟು ಬಾ."

ಸೊಸೆ ಎದ್ದು ಹೋದಳು. ಅಮ್ಮ ನನ್ನ ಕೈ ಹಿಡಿದು ಹತ್ತಿರ ಎಳೆದು ಪಿಸುಗುಟ್ಟಿದರು. "ಉಂಟು ಮಾರಾಯ್ತಿ, ಚೆನ್ನಾಗಿಯೇ ಉಂಟು. ಮಾತ್ರೆ ದೇವರ ಪೆಟ್ಟಿಗೆಯ ಹಿಂದೆ ಇಟ್ಟಿದ್ದೇನೆ. ಕಂಪನಿಗೆ ಎಲ್ಲ ಹೇಳು. ಅವಳಿಗೆ ಹೇಳಬೇಡ. ಕಂಪನಿಯವರು ಬಂದು ನನ್ನ ಹೋಳಿಗೆ ಕಿತ್ತುಕೊಳ್ಳುವುದಿಲ್ಲ."

ಬೆಳೆಯುವ ಬೋನಸ್

ಸಂಭಾಜಿನಗರಕ್ಕೆ ನಾನು ಮನ್ಮಾಡ್ ಮೇಲೆ ಹಾಯ್ದು ರೈಲಿನಲ್ಲಿ ಹೋಗುತ್ತೇನೆ. ಅಲ್ಲಿ ನಮ್ಮ ಬೀದರ್ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ ಇದ್ದಾರೆ. ವ್ಯಾಪಾರದಲ್ಲಿ ಹುಲಿ, ವಿಮೆಯಲ್ಲಿ ಹಟಮಾರಿ ಹಸುಗೂಸು. ಮೊದಲ ವರ್ಷ ಮುಗಿದು ನವೀಕರಣಕ್ಕೆ ಹೋದಾಗ ಗಾದಿಯ ಮೇಲೆ ಕೂತಲ್ಲಿಂದಲೇ ವಾದ ಶುರು ಮಾಡಿದರು.

"ನೋಡ್ರಿ ಅಕ್ಕಾರ, ಇಡೀ ವರ್ಷ ನಾ ಜಡ್ಡ ಬಿದ್ದಿಲ್ಲ. ಅಂದ್ರ ನಿಮ್ಮ ಮಾಲ ಒಯ್ದಿಲ್ಲ. ಮಾಲ ಒಯ್ಯದ ಗಿರಾಕಿಗೆ ಬಿಲ್ಲ ಹ್ಯಾಂಗ ಕೊಡ್ತೀರಿ?"

ನಾನು ತಾಳ್ಮೆಯಿಂದ ಹೇಳಿದೆ. ಕ್ಲೇಮ್ ಮಾಡದೆ ಒಂದು ವರ್ಷ ದಾಟಿದರೆ ಕಂಪನಿ ಬೋನಸ್ ಕೊಡುತ್ತದೆ, ದುಡ್ಡು ಕೈಗೆ ಬರುವುದಿಲ್ಲ, ವಿಮೆಯ ಮೊತ್ತ ಬೆಳೆಯುತ್ತದೆ. ಬೆಳೆಯುತ್ತದೆ ಎಂಬ ಮಾತು ಕೇಳಿದ್ದೇ ಅವರ ಮುಖ ಅರಳಿತು. ಮತ್ತೆ ಒಂದು ತಕರಾರೂ ಇಲ್ಲದೆ ಚೆಕ್ ಬರೆದರು. ಅಕ್ಕಪಕ್ಕದ ಅಂಗಡಿಯವರಿಗೆಲ್ಲ ತಮ್ಮ ಬೋನಸ್ ಬೆಳೆಯುತ್ತಿರುವ ಸಂಗತಿ ತಿಳಿಸಿ ಬಂದರು.

ಮುಂದಿನ ಸಲ ಹೋದಾಗ ಅವರು ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡು, ಒಂದು ಕಡೆ ವಾಲಿ ನಡೆಯುತ್ತಿದ್ದರು. ಹರ್ನಿಯಾ. ಡಾಕ್ಟರು ಆಪರೇಷನ್ ಹೇಳಿ ಬಹಳ ದಿನವಾಗಿತ್ತು.

"ಮತ್ತ ಯಾಕ ಮಾಡಿಸ್ಕೊಂಡಿಲ್ರಿ?"

"ಬೋನಸ್ ಕಮ್ಮಿ ಆಗ್ತದಲ್ರಿ ಅಕ್ಕಾರ. ಬೆಳಿಯೋ ಗಿಡ ಯಾರರೆ ಕಡಿತಾರೇನು?"

ಬೋನಸ್ ಇರುವುದೇ ಇಂಥ ಹೊತ್ತಿಗೆ ಎಂದು ನಾನು ಎಷ್ಟು ಹೇಳಿದರೂ ಅವರು ತಲೆ ಅಲ್ಲಾಡಿಸಿದರು. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದಿಟ್ಟು, ಸೆರಗು ಸರಿಮಾಡಿಕೊಂಡು ಶಾಂತವಾಗಿ ಹೇಳಿದರು. "ಇರ್ಲಿ ಬಿಡ್ರಿ ಯಕ್ಕಾ. ಅವರ ಬೋನಸ್ಸೂ ಬೆಳಿಲತ್ತದ, ಹರ್ನಿಯಾನೂ ಬೆಳಿಲತ್ತದ. ಯಾವುದು ಮೊದಲ ದೊಡ್ಡದಾಗ್ತದ ಅಂತ ಮನಿ ಮಂದೆಲ್ಲ ನೋಡ್ಕೋತ ಕುಂತೀವಿ."

ವಡೆಯ ತೂತು

ಕೊನೆಗೂ ಅಮ್ಮನ ಮಂಡಿಯ ಕಾಯುವ ಅವಧಿ ಮುಗಿಯುವ ವರ್ಷ ಬಂತು. ನವೀಕರಣವೊಂದು ಆದರೆ ಆಪರೇಷನ್ನಿಗೆ ದಾರಿ ತೆರೆಯುತ್ತಿತ್ತು. ನಾನು ಖುಷಿಯಲ್ಲಿದ್ದೆ. ಅಷ್ಟರಲ್ಲಿ ಕಂಪನಿಯಿಂದ ಆ ವರ್ಷದ ಬದಲಾವಣೆಗಳು ಬಂದವು. ಮೇಲುಗಡೆ ದೊಡ್ಡ ಅಕ್ಷರದಲ್ಲಿ ಸಂತೋಷದ ಸುದ್ದಿ, ಪ್ರೀಮಿಯಂ ಹೆಚ್ಚಿಲ್ಲ, ವಿಮೆಯ ಮೊತ್ತ ಕಡಿಮೆಯಾಗಿಲ್ಲ. ಕೆಳಗಡೆ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಉಳಿದ ಕಥೆ.

ಅದನ್ನು ತೆಗೆದುಕೊಂಡು ಅಮ್ಮನ ಹತ್ತಿರ ಹೋದೆ. ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಷರತ್ತು, ಉಪಮಿತಿ, ನೆಟ್‌ವರ್ಕ್ ಎಂದೆಲ್ಲ ತಡವರಿಸಿದೆ. ಅಮ್ಮ ಸಾಂಬಾರು ರುಚಿ ನೋಡುವಾಗ ಮಾಡುವ ಹಾಗೆ ಕಣ್ಣು ಮುಚ್ಚಿ ಕೇಳಿದರು.

"ಬೆಲೆ ಅದೇ?"

"ಹೌದ್ರಿ."

"ಒಟ್ಟು ಮೊತ್ತವೂ ಅದೇ?"

"ಹೌದ್ರಿ."

"ಹಾಗಾದ್ರೆ ತೂತು ದೊಡ್ಡ ಮಾಡಿದ್ದಾರೆ."

ನನಗೆ ಅರ್ಥವಾಗಲಿಲ್ಲ. ಅಮ್ಮ ಕಣ್ಣು ತೆರೆದು ನಕ್ಕರು. "ಒಂದು ವರ್ಷ ಉದ್ದಿನಬೇಳೆ ಬೆಲೆ ಆಕಾಶಕ್ಕೆ ಹೋಯ್ತು. ನಮ್ಮ ಯಜಮಾನರು ವಡೆಯ ರೇಟು ಏರಿಸ್ಲಿಲ್ಲ. ಹೊರಗಿನ ಸುತ್ತೂ ಚಿಕ್ಕದು ಮಾಡ್ಲಿಲ್ಲ. ತೂತು ಮಾತ್ರ ಸ್ವಲ್ಪ ದೊಡ್ಡ ಮಾಡಿದ್ರು. ಗಿರಾಕಿಗಳು ಇವರನ್ನು ಹೊಗಳಿದ್ದೇ ಹೊಗಳಿದ್ದು. ಈಗ ಹೇಳು, ನಿನ್ನ ಕಂಪನಿಯವರು ಎಲ್ಲೆಲ್ಲಿ ತೂತು ಮಾಡಿದ್ದಾರೆ?"

ಹಾವಿನ ಹೆಜ್ಜೆ ಹಾವೇ ಬಲ್ಲದು. ನಾನು ಕಾಗದ ಬಿಚ್ಚಿ ತೋರಿಸಿದೆ. ತೂತು ಎರಡು. ಒಂದು, ಆಸ್ಪತ್ರೆಯ ಕೋಣೆ ಬಾಡಿಗೆಗೆ ಮಿತಿ. ಇನ್ನೊಂದು, ಅಮ್ಮ ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆ ಪಟ್ಟಿಯಿಂದ ಹೊರಗೆ. ಅಲ್ಲಿ ಮಾಡಿಸಿದರೆ ಮೊದಲು ಪೂರ್ತಿ ದುಡ್ಡು ಕೈಯಿಂದ ಕಟ್ಟಬೇಕು. ಅಂದರೆ ಮತ್ತೆ ಹೋಟೆಲು ಅಡವಿನ ಮಾತು. ಅಮ್ಮನ ಮುಖ ಸ್ವಲ್ಪ ಬಾಡಿತು, ನನ್ನದು ಅದಕ್ಕಿಂತ ಹೆಚ್ಚು.

"ಇರಲಿ," ಎಂದರು ಅಮ್ಮ. "ತೂತು ಗೊತ್ತಾದ್ರೆ ಅರ್ಧ ಗೆದ್ದ ಹಾಗೆ. ಸುತ್ತಲಿನ ವಡೆ ನಮ್ಮದಲ್ವಾ?"

ಆ ಪಾಠ ನನಗೆ ಬಹಳ ಉಪಯೋಗಕ್ಕೆ ಬಂತು. ಅದೇ ವಾರ ಸಂಭಾಜಿನಗರದ ವ್ಯಾಪಾರಿಗೆ ಅವರ ಭಾಷೆಯಲ್ಲೇ ಹೇಳಿದೆ, "ಸೀರಿ ಅಳತಿ ಅದೇ ಅದ ರಿ, ಸೆರಗು ಗಿಡ್ಡ ಮಾಡ್ಯಾರ." ಅವರಿಗೆ ತಕ್ಷಣ ಎಲ್ಲ ತಿಳಿಯಿತು. ಹೊಸ ಷರತ್ತಿನ ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದು, ಉಜ್ಜಿ ನೋಡಿ ಕೇಳಿದರು, "ಒಗದ ಮ್ಯಾಲ ಇನ್ನೂ ಕುಗ್ಗತದೇನ್ರಿ?"

ಹಾರುವ ಮುಂಚಿನ ತಪಾಸಣೆ

ಪಟ್ಟಿಯಲ್ಲಿ ಉಳಿದ ಆಸ್ಪತ್ರೆಗಳಲ್ಲಿ ಯಾವುದು ಒಳ್ಳೆಯದು? ಇದನ್ನು ಕೇಳಲು ನಾನು ಓಝರ್‌ಗೆ ಹೋದೆ. ಅಲ್ಲಿನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ, ಕಲಬುರಗಿ ಕಡೆಯ ಒಬ್ಬ ಕಾಕಾ ನನ್ನ ಗಿರಾಕಿ. ಜೀವಮಾನವಿಡೀ ವಿಮಾನ ಹಾರುವ ಮೊದಲು ತಪಾಸಣೆ ಮಾಡಿದವರು. ನಿವೃತ್ತಿಯಾದ ಮೇಲೆ ಆ ಚಟ ಆಸ್ಪತ್ರೆಗಳ ಮೇಲೆ ತಿರುಗಿತ್ತು. ಪ್ರತಿ ವರ್ಷ ಹೊಸ ಪಟ್ಟಿ ಬಂದ ಕೂಡಲೇ ಕಾಕಾ ಗಟ್ಟಿಮುಟ್ಟಾಗಿರುವಾಗಲೇ ಒಂದೊಂದು ಆಸ್ಪತ್ರೆಗೂ ಹೋಗಿ ಪರೀಕ್ಷೆ ಮಾಡಿ ಬರುತ್ತಾರೆ.

"ವಿಮಾನ ಮ್ಯಾಲ ಹೋದ ಮ್ಯಾಲ ರೆಕ್ಕಿ ನೋಡ್ತಾರೇನವಾ? ಮೊದಲ ನೋಡಬೇಕು," ಎಂಬುದು ಅವರ ಸಿದ್ಧಾಂತ.

ಕೀಲಿನ ಆಪರೇಷನ್ ಮಾಡುವ ಒಂದು ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದರು. ಬಿಳಿ ಅಂಗಿ, ಇಸ್ತ್ರಿ ಪ್ಯಾಂಟು, ಜೇಬಿನಲ್ಲಿ ಟಾರ್ಚು. ಒಳಗೆ ಹೋದವರೇ ಖಾಲಿ ಮಂಚದ ಕೆಳಗೆ ಟಾರ್ಚು ಬಿಟ್ಟು ನೋಡಿದರು. ಮಂಚದ ಮೇಲೆ ಮಲಗಿ ಗಂಟೆ ಒತ್ತಿ, ನರ್ಸು ಬರುವವರೆಗೆ ಗಡಿಯಾರ ನೋಡಿದರು. ಖಾಲಿ ಸ್ಟ್ರೆಚರನ್ನು ತಾವೇ ತಳ್ಳಿಕೊಂಡು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದರು. ಯಾರೂ ತಡೆಯಲಿಲ್ಲ. ಅಷ್ಟು ಧೈರ್ಯದಿಂದ ಸ್ಟ್ರೆಚರು ತಳ್ಳುವವರು ದೊಡ್ಡ ಸಾಹೇಬರೇ ಇರಬೇಕೆಂದು ಎಲ್ಲರೂ ಅಂದುಕೊಂಡರು. ನಾವು ಮೂರನೇ ವಾರ್ಡಿಗೆ ಬರುವಷ್ಟರಲ್ಲಿ ಹಿಂದೆ ಮ್ಯಾನೇಜರು, ಅವರ ಹಿಂದೆ ಚಹಾ, ಚಹಾದ ಹಿಂದೆ ಬಿಸ್ಕೀಟು ಮೆರವಣಿಗೆ ಬರುತ್ತಿತ್ತು. ನೆಲ ಒರೆಸುವವರು ಮಾತ್ರ ನಮ್ಮ ಮುಂದೆ.

"ಕಾಕಾ, ನೀವು ಯಾರಂತ ಹೇಳಿಬಿಡ್ರಿ," ಎಂದು ನಾನು ಪಿಸುಗುಟ್ಟಿದೆ.

"ಅವರು ಎಲ್ಲಿ ಕೇಳ್ಯಾರ?" ಎಂದರು ಕಾಕಾ.

ಅಮ್ಮನ ಅದೃಷ್ಟ ಚೆನ್ನಾಗಿತ್ತು. ಅವರನ್ನು ನೋಡುತ್ತಿದ್ದ ಕೀಲಿನ ಡಾಕ್ಟರೇ ಈ ಆಸ್ಪತ್ರೆಯಲ್ಲೂ ಆಪರೇಷನ್ ಮಾಡುತ್ತಾರೆಂದು ಅಲ್ಲೇ ಗೊತ್ತಾಯಿತು. ಒಂದು ತೂತು ಮುಚ್ಚಿತು. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.

ಹೊರಡುವಾಗ ಮ್ಯಾನೇಜರು ಕೈ ಜೋಡಿಸಿ ಕೇಳಿದರು, "ಸಾಹೇಬ್, ಹಮಾರಾ ಹಾಸ್ಪಿಟಲ್ ಪಾಸ್ ಹೈ ನಾ?"

ಮೇಲಿನ ಮಹಡಿಗೆ ಹೋಗುವಾಗ ಲಿಫ್ಟು ಎರಡು ಸಲ ನಡುಗಿದ್ದನ್ನು ಕಾಕಾ ಮರೆತಿರಲಿಲ್ಲ. ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ, ಟಾರ್ಚು ಜೇಬಿಗಿಟ್ಟು, ವಿಮಾನಕ್ಕೆ ಹಾರಲು ಅಪ್ಪಣೆ ಕೊಡುವ ಹಾಗೆ ಹೇಳಿದರು, "ಉಡ್ ಸಕ್ತಾ ಹೈ. ಲೇಕಿನ್ ಜ್ಯಾದಾ ಊಪರ್ ನಹೀಂ."

ಎ.ಸಿ. ಹಾಲಿನ ಚಹಾ

ಆಸ್ಪತ್ರೆಗೆ ಸೇರುವ ದಿನ ನಾಲ್ಕು ಜನ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಅಡುಗೆಮನೆಯ ಬಾಗಿಲು ಬಂದಾಗ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಯಾಕೆಂದು ಕೇಳಿದರೆ, "ಹೊತ್ತುಕೊಂಡು ಹೋಗುವಾಗ ನೋಡುವುದಿಲ್ಲ. ಇಳಿದು ಬಂದೇ ನೋಡುವುದು," ಎಂದರು.

ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಮೊದಲ ವಿಘ್ನ ಕಾದಿತ್ತು. ಮಗ ಡಿಲಕ್ಸ್ ಕೋಣೆ ಹೇಳಿಬಿಟ್ಟಿದ್ದ. ಅವನದೂ ತಪ್ಪಲ್ಲ. ನಮ್ಮವರಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ನಾಸಿಕ್‌ನ ಎಲ್ಲ ಹೋಟೆಲಿನವರೂ ಫ್ಲಾಸ್ಕು ಹಿಡಿದು ನೋಡಲು ಬರುತ್ತಾರೆ. ಅವರು ಕೂರಲು ಸೋಫಾ ಬೇಕು. ಹೀಗಾಗಿ ನಮ್ಮಲ್ಲಿ ಕೋಣೆ ಹಿಡಿಯುವುದು ರೋಗಿಗೆ ಎಷ್ಟು ಬೇಕೆಂದು ನೋಡಿ ಅಲ್ಲ, ನೋಡಲು ಬರುವವರಿಗೆ ಎಷ್ಟು ಬೇಕೆಂದು ನೋಡಿ.

"ಕೋಣೆಯ ಹೆಚ್ಚಿನ ಬಾಡಿಗೆ ನಾನು ಕೊಡ್ತೇನೆ ಅಕ್ಕಾ, ಅದರಲ್ಲೇನು," ಎಂದ.

"ಬಾಡಿಗಿ ಅಷ್ಟೇ ಅಲ್ರಿ. ಮಿತಿ ದಾಟಿದ ಕೋಣಿ ಹಿಡಿದ್ರ ಡಾಕ್ಟರ ಫೀ, ಥಿಯೇಟರಿನ ಖರ್ಚು, ಎಲ್ಲಾದ್ರಾಗೂ ಅದೇ ಲೆಕ್ಕದಾಗ ಕಡಿತಾರ."

"ಡಾಕ್ಟರು ಅವರೇ ಅಲ್ವಾ? ಥಿಯೇಟರೂ ಅದೇ ಅಲ್ವಾ? ಕೋಣೆಗೂ ಅವರಿಗೂ ಎಂತ ಸಂಬಂಧ?"

ನಾನು ಅನುಪಾತ, ಪ್ರಮಾಣ ಎಂದೆಲ್ಲ ಹೇಳಿ ಸೋತೆ. ಮಗ ಪೆನ್ನು ತೆಗೆದು ಡಿಲಕ್ಸ್‌ಗೆ ಸಹಿ ಹಾಕಲು ಬಗ್ಗಿದ. ಆಗ ಗಾಲಿಕುರ್ಚಿಯಲ್ಲಿದ್ದ ಅಮ್ಮ ಅವನ ಅಂಗಿಯ ಚುಂಗು ಹಿಡಿದು ಎಳೆದರು.

"ಹೋಟೆಲಿನಲ್ಲಿ ಗಿರಾಕಿ ಕೂರ್ಲಿಕ್ಕೆ ಎ.ಸಿ. ಹಾಲ್ ಮಾಡಿಸಿದ್ದು ಯಾರು?"

"ನಾನೇ."

"ಹೊರಗೆ ಕೂತು ಕುಡಿಯುವ ಚಹಾಕ್ಕೂ ಎ.ಸಿ. ಹಾಲ್‌ನೊಳಗಿನ ಚಹಾಕ್ಕೂ ಒಂದೇ ರೇಟಾ?"

"ಅಲ್ಲ."

"ಚಹಾ ಮಾಡುವವ ಬೇರೆಯಾ? ಪಾತ್ರೆ ಬೇರೆಯಾ?"

ಮಗ ಪೆನ್ನು ಜೇಬಿಗಿಟ್ಟ. ಕೌಂಟರಿನಲ್ಲಿದ್ದ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಅವಳಿಗೂ ವಿಷಯ ಮುಟ್ಟಿ ಮುಸಿಮುಸಿ ನಕ್ಕಳು. ಮಿತಿಯೊಳಗಿನ, ಇಬ್ಬರು ಹಂಚಿಕೊಳ್ಳುವ ಕೋಣೆ ಆಯಿತು. ಕಾಕಾನ ಮಾತಿನಂತೆ ಕೆಳಗಿನ ಮಹಡಿಯಲ್ಲೇ. ಎರಡನೆಯ ತೂತೂ ಮುಚ್ಚಿತು.

"ನೋಡ್ಲಿಕ್ಕೆ ಬರುವವರು ಎಲ್ಲಿ ಕೂರುವುದು?" ಎಂದ ಮಗ.

"ನಮಗೆ ಎಂತ ಕುರ್ಚಿಗೆ ಬರಗಾಲವಾ? ಹೋಟೆಲಿನಲ್ಲಿ ಕೂರಲಿ. ನೀನು ಫೋನ್ ಹಚ್ಚು, ಅದರಲ್ಲೇ ನೋಡ್ಲಿ."

ಇನ್ನೇನು ಮುಗಿಯಿತು ಎನ್ನುವಾಗ ಕಂಪನಿಯಿಂದ ಪ್ರಶ್ನೆ ಬಂತು. ರಕ್ತ ಪರೀಕ್ಷೆಯಲ್ಲಿ ಶುಗರ್ ಇದೆ, ಇದನ್ನು ಮೊದಲೇ ಹೇಳಿದ್ದಾರೆಯೇ? ಎಲ್ಲರೂ ಉಸಿರು ಬಿಗಿ ಹಿಡಿದರು. ನಾನು ಮಾತ್ರ ಎದೆ ಸೆಟೆಸಿ, ಇಡೀ ಹಾಲಿಗೆ ಕೇಳುವಂತೆ ಹೇಳಿದೆ. ಮೊದಲ ದಿನವೇ ಹೇಳಿದ್ದಾರೆ, ಅಮ್ಮ ಏನೂ ಮುಚ್ಚಿಟ್ಟಿಲ್ಲ, ಬೇಕಾದರೆ ನೋಡಿಕೊಳ್ಳಿ ಎಂದೆ. ಅವರು ನೋಡಿಕೊಂಡರು. ಸಂಜೆಯೊಳಗೆ ಮಂಜೂರಾತಿ ಬಂದೇಬಿಟ್ಟಿತು.

ಗೆದ್ದೆವು ಎಂದು ಅಮ್ಮನ ಕಡೆ ತಿರುಗಿದೆ. ಅಮ್ಮ ನನ್ನನ್ನು ತಿನ್ನುವ ಹಾಗೆ ನೋಡುತ್ತಿದ್ದರು. ಅವರ ಹಿಂದೆ ಸೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕಂಪನಿಯ ಮಂಜೂರಾತಿ ಬಂತು, ಹೋಳಿಗೆಗೆ ಸೊಸೆಯ ಮಂಜೂರಾತಿ ಮಾತ್ರ ಇವತ್ತಿಗೂ ಬಂದಿಲ್ಲ.

ಫೋನಿನಲ್ಲಿ ದರ್ಶನ

ಆಪರೇಷನ್ ಚೆನ್ನಾಗಿ ಆಯಿತು. ಅಮ್ಮ ಹೇಳಿದಂತೆಯೇ ನೋಡಲು ಬಂದವರನ್ನೆಲ್ಲ ಹೋಟೆಲಿನಲ್ಲಿ ಕೂರಿಸಲಾಯಿತು. ಗಲ್ಲಾದ ಪಕ್ಕ ಒಂದು ಫೋನು ನಿಲ್ಲಿಸಿ, ಅದರಲ್ಲಿ ಅಮ್ಮನ ಮುಖ. ಒಬ್ಬೊಬ್ಬರೇ ಬಂದು ಕೈ ಮುಗಿದು "ಹೇಗಿದ್ದೀರಿ ಅಮ್ಮಾ" ಎನ್ನುತ್ತಿದ್ದರು. ಅಮ್ಮ "ಈಗ ಅಡ್ಡಿಲ್ಲ" ಎಂದು ಹೇಳುತ್ತಲೇ ಅವರ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದರು. "ಆ ಮೂಲೆ ಟೇಬಲ್ಲು ಒರೆಸಿಲ್ಲ. ಮಗನಿಗೆ ಹೇಳಿ."

ಸಂಭಾಜಿನಗರದ ವ್ಯಾಪಾರಿಯೂ ನನ್ನ ಬಾಯಲ್ಲಿ ಅಮ್ಮನ ಕಥೆ ಕೇಳಿ, ಹೆಂಡತಿಯೊಡನೆ ಬಂದರು. ಅವರಿಗೆ ಅಮ್ಮನ ಪರಿಚಯವೇ ಇರಲಿಲ್ಲ. ವಿಮೆ ನಿಜವಾಗಿ ಮಂಡಿ ಕೊಡುತ್ತದೆಯೇ ಎಂದು ಕಣ್ಣಾರೆ ನೋಡಿ ಹೋಗಲು ಬಂದಿದ್ದರು. ಫೋನಿನಲ್ಲಿ ಪಟ್ಟಿ ಸುತ್ತಿದ ಎರಡು ಮಂಡಿ ನೋಡಿದ ಮೇಲೆ ಅವರ ಮನಸ್ಸು ಕರಗಿತು. ಮರುವಾರವೇ ಹರ್ನಿಯಾ ಮಾಡಿಸಿಕೊಂಡರು. "ಬೋನಸ್ ಹೋದ್ರ ಹೋಗ್ಲಿ, ಮತ್ತ ಬೆಳಸ್ತೀನಿ," ಎಂದು ನನಗೆ ಫೋನು ಮಾಡಿದರು.

ಅಮ್ಮನನ್ನು ನೋಡಲು ಬಂದವರು ಸುಮ್ಮನೆ ಎದ್ದು ಹೋಗಲು ಆಗುತ್ತದೆಯೇ? ಇಡ್ಲಿ, ದೋಸೆ, ಕಾಫಿ. ಹೋಗುವಾಗ ಫೋನಿನಿಂದ "ಬಿಲ್ಲು ಗಲ್ಲಾದಲ್ಲಿ" ಎಂದು ಅಮ್ಮನ ಮೆಲುದನಿ. ಮೂರನೇ ದಿನ ಮಗ ನನ್ನನ್ನು ಬದಿಗೆ ಕರೆದು, ಬಹಳ ಸಂಕೋಚದಿಂದ ಕೇಳಿದ.

"ಅಕ್ಕಾ, ಅಮ್ಮ ಬೇಗ ಮನೆಗೆ ಬರ್ಬೇಕು ಅಂತ ನನಗೆ ತುಂಬಾ ಉಂಟು. ಆದ್ರೂ ಒಂದು ಮಾತು. ಇನ್ನೊಂದು ಭಾನುವಾರ ಅಲ್ಲೇ ಇರ್ಲಿಕ್ಕೆ ಪಾಲಿಸಿಯಲ್ಲಿ ಅವಕಾಶ ಉಂಟಾ?"

ಇಳಿದು ಬಂದ ದಿನ

ಆಸ್ಪತ್ರೆಯಿಂದ ಬಂದ ದಿನವೂ ಅಮ್ಮ ಹಾಗೇ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಮೇಲೆ ಹೋದರು. ಕೆಳಗೇ ಇದ್ದೀರಲ್ಲ, ಅಡುಗೆಮನೆ ನೋಡಿಯೇ ಹೋಗಿ ಎಂದು ಎಲ್ಲರೂ ಹೇಳಿದೆವು. "ಬೀದಿಯಿಂದ ಬರುವವರು ಗಿರಾಕಿಗಳು. ನಾನು ಮೇಲಿನಿಂದ ಇಳಿದು ಬರ್ತೇನೆ," ಎಂದು ಬಿಟ್ಟರು. ಆಮೇಲೆ ವಾರಗಟ್ಟಲೆ ವ್ಯಾಯಾಮ. ಕಲಿಸಲು ಬಂದವಳಿಗೆ ಮರಾಠಿಯಲ್ಲಿ ಬೈಗುಳ, ಬೈದ ಮೇಲೆ ಬಿಸಿ ಬಿಸಿ ದೋಸೆ.

ಒಂದು ಬೆಳಿಗ್ಗೆ ಮಗ ಫೋನು ಮಾಡಿದ. "ಅಕ್ಕಾ, ಇವತ್ತು ಇಳೀತಾರಂತೆ. ನೀವು ಬರದೆ ಇಳಿಯುವುದಿಲ್ಲ ಅಂತ ಕೂತಿದ್ದಾರೆ."

ನಾನು ಹೋಗುವಷ್ಟರಲ್ಲಿ ಹೋಟೆಲು ತುಂಬಿತ್ತು. ಓಝರ್ ಕಾಕಾ ಅದಾಗಲೇ ಬಂದು, ಟಾರ್ಚು ಹಿಡಿದು ಮೆಟ್ಟಿಲುಗಳ ತಪಾಸಣೆ ಮುಗಿಸಿದ್ದರು. ಹಿಡಿಕೆಯನ್ನು ಅಲ್ಲಾಡಿಸಿ ನೋಡಿ, ಮೇ‌ಲೆ ನೋಡಿ ಹೆಬ್ಬೆರಳು ತೋರಿಸಿದರು.

ಅಮ್ಮ ಕಾಣಿಸಿಕೊಂಡರು. ಹಸಿರು ಸೀರೆ, ಬಲಗೈಯಲ್ಲಿ ಕೋಲು, ಎಡಗೈ ಹಿಡಿಕೆಯ ಮೇಲೆ. ಹಿಂದೆ ಸೊಸೆ ಹಿಡಿಯಲು ಕೈ ಚಾಚಿದರೆ "ಮುಟ್ಟಬೇಡ" ಎಂದರು. ಒಂದು ಮೆಟ್ಟಿಲು, ನಿಂತರು. ಇನ್ನೊಂದು ಮೆಟ್ಟಿಲು, ನಿಂತರು. ಒಳಗೆ ಯಾರೂ ತಿನ್ನುತ್ತಿರಲಿಲ್ಲ. ಡ್ಯೂಟಿಗೆ ಹೊರಟಿದ್ದ, ನೋಟು ಅಚ್ಚು ಹಾಕುವ ಪ್ರೆಸ್ಸಿನವರು ಕೂಡ ತಟ್ಟೆ ಬಿಟ್ಟು ನಿಂತಿದ್ದರು. ಕೊನೆಯ ಮೆಟ್ಟಿಲು ಇಳಿದು ನೆಲಕ್ಕೆ ಕಾಲಿಟ್ಟಾಗ ಇಡೀ ಹೋಟೆಲು ಚಪ್ಪಾಳೆ ಹೊಡೆಯಿತು. ಮಗ ಗಲ್ಲಾದಲ್ಲಿ ಕೂತೇ ಅಳುತ್ತಿದ್ದ. ನಾನೂ ಅತ್ತೆ, ಮುಚ್ಚಿಟ್ಟುಕೊಳ್ಳುವುದೇನಿದೆ. ಅಷ್ಟು ವರ್ಷ ಎಷ್ಟೋ ಬಾಗಿಲು ಬಡಿದಿದ್ದಕ್ಕೆ ಆ ಒಂದು ಗಳಿಗೆ ಸಾಕೆನಿಸಿತು.

ಅಮ್ಮ ಚಪ್ಪಾಳೆಗೆ ನಿಲ್ಲಲಿಲ್ಲ. ನನ್ನ ಕೈ ಹಿಡಿದುಕೊಂಡು ನೇರ ಅಡುಗೆಮನೆಗೆ ನಡೆದರು. ಒಲೆಯ ಮುಂದೆ ಒಂದು ಕ್ಷಣ ನಿಂತು, ಗೋಡೆಯ ಮೇಲಿನ ಯಜಮಾನರ ಫೋಟೋಗೆ ಕೈ ಮುಗಿದರು. ಸಾಂಬಾರಿನ ಸೌಟು ಎತ್ತಿ ರುಚಿ ನೋಡಿದರು. ಈಗಿನ ಅಡುಗೆಯವನು ಊರಿನಿಂದ ಬಂದು ವರ್ಷವಾಗಿದ್ದರೂ ಅಮ್ಮನನ್ನು ಇಷ್ಟು ಹತ್ತಿರ ನೋಡಿದ್ದು ಅದೇ ಮೊದಲು. ಅವನ ಹಣೆಯಲ್ಲಿ ಬೆವರು.

"ಅಡ್ಡಿಲ್ಲ," ಎಂದರು ಅಮ್ಮ.

ಎಲ್ಲರೂ ಉಸಿರು ಬಿಟ್ಟರು. ಅಷ್ಟರಲ್ಲಿ ಅವರ ಕಣ್ಣು ಎಣ್ಣೆಯಿಂದ ಆಗ ತಾನೇ ತೆಗೆದಿಟ್ಟ ವಡೆಗಳ ಮೇಲೆ ಬಿತ್ತು. ಒಂದನ್ನು ಎತ್ತಿದರು. ಹೊರಗಿನ ಸುತ್ತು ನೋಡಿದರು. ಆಮೇಲೆ ಅದನ್ನು ಕಣ್ಣಿನ ಮುಂದೆ ಹಿಡಿದು, ತೂತಿನ ಒಳಗಿನಿಂದ ಅಡುಗೆಯವನನ್ನೇ ಪೂರ್ತಿ ನೋಡಿದರು.

"ಹೌದಾ ಮಾರಾಯ, ನೀನು ಇಲ್ಲಿಗೆ ಬರುವ ಮೊದಲು ಎಲ್ಲಿ ಕೆಲಸಕ್ಕಿದ್ದೆ? ಇನ್ಶೂರೆನ್ಸ್ ಕಂಪನಿಯಲ್ಲಾ?"